ಜೋಳಿಗೆಯಲ್ಲಿ ಹನ್ನೆರಡು ಮೌಸ್

ಮಹಾರಾಷ್ಟ್ರದ ಗಡಿಯೂರು ವಲಾಂಡಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಬೀಗ ತೆಗೆಯುತ್ತಿರುವವರು ಶಿಪಾಯಿಯಲ್ಲ, ಮಾಸ್ತರರೂ ಅಲ್ಲ. ಮನೆಮನೆಗೆ ಪೂಜೆಗೆ ಹೋಗುವ ಗುರುಶಾಂತಯ್ಯನವರು. ಹಣೆಯ ವಿಭೂತಿ ಇನ್ನೂ ಹಸಿ. ಹೆಗಲ ಜೋಳಿಗೆಯಿಂದ ಮೊದಲು ವಿಭೂತಿ ಉಂಡೆ ಹೊರಬರುತ್ತದೆ, ಆಮೇಲೆ ಬಿಲ್ವಪತ್ರೆ, ಆಮೇಲೆ ಬಟ್ಟೆಯಲ್ಲಿ ಸುತ್ತಿದ ಕಂಪ್ಯೂಟರ್ ಮೌಸ್‌ಗಳು. ಒಂದು, ಎರಡು ಅಲ್ಲ, ಹನ್ನೆರಡು! ಪರವೂರಿನಿಂದ ಬಂದ ನಾನು ನಕ್ಕುಬಿಡುತ್ತೇನೆ. ಅವರು ನಗುವುದಿಲ್ಲ. ಕೈ ತೊಳೆದು ಒರೆಸಿಕೊಂಡು, ಒಂದೊಂದರ ಹೊಟ್ಟೆಯ ಕೆಂಪು ದೀಪದ ಕಿಂಡಿಯನ್ನೂ ಊದುತ್ತಾರೆ.

"ವಿಭೂತಿ ಕೂತರ ಪರದಿ ಮ್ಯಾಲಿನ ಬಾಣ ಕುಂಟತದರೀ," ಎನ್ನುತ್ತಾರೆ.

ಅರವತ್ತು ದಾಟಿದ ಅಯ್ಯನವರಿಗೂ ಮೌಸಿಗೂ ಎಲ್ಲಿಯ ನಂಟು? ಹೋದ ವರ್ಷ ಪುಣೆಯ ಟ್ರಸ್ಟೊಂದು ಈ ಶಾಲೆಗೆ ಮೂವತ್ತು ಟ್ಯಾಬ್ ಕೊಟ್ಟಿತು. ಟ್ರ್ಯಾಕ್ಟರ್ ಬರಲಿ, ಹೊಲಿಗೆ ಯಂತ್ರ ಬರಲಿ, ಈ ಊರಲ್ಲಿ ಗುರುಶಾಂತಯ್ಯನವರ ಕೈಯಿಂದ ವಿಭೂತಿ ಹಚ್ಚಿಸದೆ ಯಾರೂ ಬಳಸುವುದಿಲ್ಲ. ಟ್ಯಾಬ್‌ಗಳನ್ನೂ ಸಾಲಾಗಿ ಮಲಗಿಸಿದರು. ಅಯ್ಯನವರು ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಿನಿಂದ ಗಾಜಿನ ಮೇಲೆ ಧಾರಾಳವಾಗಿ ಎಳೆದರು. ಕಾಯಿ ಒಡೆದು ಅದರ ನೀರನ್ನೂ ಕೈಬಿಚ್ಚಿ ಚಿಮುಕಿಸಿದರು. ಪೇಢೆ ಹಂಚಿದ್ದೂ ಆಯಿತು. ಮರುದಿನ ನೋಡಿದರೆ ಹನ್ನೆರಡು ಟ್ಯಾಬ್‌ಗಳಲ್ಲಿ ಪರದೆ ಬೆಳಗುತ್ತದೆ, ಚಿತ್ರ ಕಾಣುತ್ತದೆ, ಎಷ್ಟು ಮುಟ್ಟಿದರೂ ಮಿಸುಕುವುದಿಲ್ಲ.

ಊರವರು ಅಯ್ಯನವರಿಗೆ ಒಂದು ಮಾತೂ ಅನ್ನಲಿಲ್ಲ. ಮಾಲೇ ಕಳಪೆ ಎಂದು ತಾವೇ ತೀರ್ಮಾನಿಸಿದರು. ಅದೇ ಅವರನ್ನು ತಿಂದುಹಾಕಿತು.

"ಬೈದಿದ್ರ ಬರಾಬರ್ ಇರ್ತಿತ್ತು. ಈ ಕೈಲೇ ಕೆಟ್ಟಾವ, ಮತ್ತ ಈ ಕೈಗೇ ನಮಸ್ಕಾರ ಮಾಡ್ತಾರ. ಇನ್ನೊಬ್ಬರ ಮಶೀನಿಗಿ ಹ್ಯಾಂಗ ಹಚ್ಚಲಿರೀ?"

ಅಂದಿನಿಂದ ಅವರು ಯಾವ ಯಂತ್ರಕ್ಕೂ ವಿಭೂತಿ ಹಚ್ಚಿಲ್ಲ. ರೈತ ಬಕ್ಕಪ್ಪ ಹೊಸ ಟ್ರ್ಯಾಕ್ಟರ್ ತಂದು ಬಾಗಿಲಲ್ಲಿ ನಿಲ್ಲಿಸಿದಾಗಲೂ ಒಳಗಿನಿಂದಲೇ ಕೈ ಮುಗಿದು ಕಳಿಸಿಬಿಟ್ಟರಂತೆ.

ಕೆಟ್ಟ ಟ್ಯಾಬ್‌ಗಳನ್ನು ಅವರೇ ಉದಗೀರಿಗೆ ಒಯ್ದರು. ಅಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಮನೋಜ, ನೀರಿಳಿದು ಗಾಜು ಕೆಟ್ಟಿದೆ, ಈ ಮಾದರಿಯ ಗಾಜು ಈಗ ಸಿಗುವುದಿಲ್ಲ ಎಂದ. ತುಂಡು ವೈರಿನಿಂದ ಒಂದು ಮೌಸ್ ಜೋಡಿಸಿ ತೋರಿಸಿದ. ಪರದೆಯ ಮೇಲೆ ಬಾಣ ಓಡಾಡಿತು! ಆದರೆ ಪಾಠದ ಆ್ಯಪ್ ತೆರೆದೊಡನೆ ಬಾಣ ಮಾಯ. ಹೊರಗಿನ ಸಾಧನ ಯಾವುದೂ ನಡೆಯದಂತೆ ಟ್ರಸ್ಟಿನವರೇ ಆ್ಯಪಿಗೆ ತಡೆ ಹಾಕಿದ್ದರು. ವರ್ಷ ಮುಗಿಯುವುದರೊಳಗೆ ಬಳಕೆಗೆ ಬಾರದ ಟ್ಯಾಬ್‌ಗಳನ್ನು ವಾಪಸು ಒಯ್ಯುತ್ತೇವೆ ಎಂದೂ ಹೇಳಿದ್ದರು.

ಪ್ರತಿ ಸೋಮವಾರ ಪೂಜೆ ಮುಗಿಸಿ ಅಯ್ಯನವರು ಪುಣೆಗೆ ಫೋನ್ ಹಚ್ಚತೊಡಗಿದರು. ಟ್ಯಾಬ್ ಮಾಡಿದ್ದೇ ಬೆರಳಿಗಾಗಿ, ಅದಕ್ಕೆ ಮೌಸ್ ಯಾಕೆ ಬಾಬಾ ಎಂದು ಆ ಕಡೆಯವರು ನಕ್ಕರು. ಇವರು ಸಿಟ್ಟಾಗಲಿಲ್ಲ, ಮುಂದಿನ ಸೋಮವಾರ ಮತ್ತೆ ಹಚ್ಚಿದರು. ಶಾಲೆಯ ಶಿಕ್ಷಕಿ ಯೋಗಿತಾ ಬಾಯಿ ಜೊತೆಗೂಡಿ ಮೇಲ್ ಕಳಿಸಿದರು. ಒಳ್ಳೆಯ ಟ್ಯಾಬಿಗೂ ಮೌಸ್ ಬೇಕೆಂಬುದು ಅವರ ವಾದ. ಹಾಜರಿ ತುಂಬುವಾಗ ಬೆರಳು ಪಕ್ಕದ ಹೆಸರಿಗೆ ತಾಗಿ, ಎದುರಿಗೇ ಕೂತ ಮಗು ಗೈರಾಗುತ್ತದಂತೆ. ಪಾಠ ತೋರಿಸುವಾಗ ಕೈಯೇ ಅಡ್ಡ ಬರುತ್ತದಂತೆ.

ಅನುಮತಿ ಬರುವ ಮೊದಲೇ ಈ ಮನುಷ್ಯ ಮೌಸ್ ಕೂಡಿಸಲು ಹೊರಟಿದ್ದು ನೋಡಿ! ಜಂಗಮರು ಜೋಳಿಗೆ ಹಿಡಿದು ಭಿಕ್ಷೆಗೆ ಬಂದರೆ ಈ ಸೀಮೆಯಲ್ಲಿ ಜೋಳ ಹಾಕುತ್ತಾರೆ, ಹಿಟ್ಟು ಹಾಕುತ್ತಾರೆ. ಇವರು ಉಮರ್ಗಾ, ನಿಲಂಗಾ, ಉದಗೀರಿನಲ್ಲಿ ಬಾಗಿಲು ಹಾಕಿದ ಸೈಬರ್ ಅಂಗಡಿಗಳವರ ಮನೆ ಮುಂದೆ ಜೋಳಿಗೆ ಹಿಡಿದು ಹಳೆಯ ಮೌಸ್ ಬೇಡಿದರು. ನಾಚಿಕೆಯಾಗಲಿಲ್ಲವೇ ಎಂದು ಕೇಳುತ್ತೇನೆ.

"ಜೋಳಾ ಕೇಳಿದ್ರ ನನ್ನ ಹೊಟ್ಟಿಗಿ. ಇದು ಪೋರಗೋಳಿಗಿ. ನಾಚಿಕಿ ಯಾಕ ಪಡಬೇಕ್ರೀ?"

ಉಪಯೋಗಕ್ಕಿಲ್ಲದ ಆ ಹನ್ನೆರಡು ಟ್ಯಾಬ್‌ಗಳನ್ನೂ ದಿನಾ ನಸುಕಿನಲ್ಲಿ ಬಂದು ಒರೆಸಿ, ಚಾರ್ಜಿಗೆ ಹಾಕಿ, ಆಮೇಲೆ ಮನೆಗಳ ಪೂಜೆಗೆ ಹೋಗುತ್ತಾರೆ. ಓಡದ ಕುದುರೆಗೆ ಹೀಗೆ ಮೇವು ಹಾಕುವವರನ್ನು ನಾನಂತೂ ಕಂಡಿರಲಿಲ್ಲ.

ಇವತ್ತು ಮಾತ್ರ ಬೇರೆ. ಮೌಸ್ ನಡೆಯುವ ಹೊಸ ಆ್ಯಪ್ ನಿನ್ನೆ ಸಂಜೆ ಪುಣೆಯಿಂದ ಬಂದಿದೆ, ಯೋಗಿತಾ ಬಾಯಿ ಅದನ್ನು ಹಾಕಿಟ್ಟಿದ್ದಾರೆ. ಮಕ್ಕಳು ಬಂದು ಕೂರುತ್ತಾರೆ. ಅಯ್ಯನವರು ಮೊದಲ ಮೌಸನ್ನು ಜೋಡಿಸಿ ಗೋಡೆಗೆ ಹೋಗಿ ನಿಲ್ಲುತ್ತಾರೆ. ತಾವು ಆಡಿಸಿ ನೋಡಲು ಒಲ್ಲರು. ಪೂನಮ್ ಎಂಬ ಹುಡುಗಿ ಮೌಸ್ ಹಿಡಿಯುತ್ತಾಳೆ. ಬಾಣ ಮೂಡುತ್ತದೆ. ಪಾಠದ ಆ್ಯಪ್ ತೆರೆಯುತ್ತದೆ, ಬಾಣ ಅಲ್ಲೇ ಇದೆ. ಆಕೆ ಒತ್ತುತ್ತಾಳೆ. ಮಗ್ಗಿ ಹೇಳುವ ದನಿ ಕೋಣೆಯನ್ನು ತುಂಬುತ್ತದೆ. ಒಂದಾದ ಮೇಲೊಂದು, ಹನ್ನೆರಡೂ! ಅಯ್ಯನವರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ಹೊರಗೆ ನಡೆಯುತ್ತಾರೆ.

ಗೇಟಿನ ಹೊರಗೆ ಒಂದು ಟ್ರ್ಯಾಕ್ಟರ್ ನಿಂತಿದೆ. ಸುದ್ದಿ ಹೇಗೆ ಮುಟ್ಟಿತೋ, ಬಕ್ಕಪ್ಪ ಕಾಯಿ ಹಿಡಿದುಕೊಂಡು ಬಂದಿದ್ದಾನೆ. ಗಾಲಿ ಸವೆದಿವೆ, ಬಾನೆಟ್ಟಿನ ಮೇಲೆ ಮಾತ್ರ ಇವತ್ತಿಗೂ ಒಂದು ಗೆರೆ ವಿಭೂತಿಯಿಲ್ಲ. ಬೇರೆ ಅಯ್ಯನವರು ಸಿಗಲಿಲ್ಲವೇ ಎಂದು ಕೇಳುತ್ತೇನೆ.

"ಇದ್ದಾರ್ರೀ ಭಾಳ ಮಂದಿ. ನನಗ ಈ ಕೈ ಬೇಕಾಗಿತ್ತು."

ಗುರುಶಾಂತಯ್ಯನವರು ಜೋಳಿಗೆಯಿಂದ ವಿಭೂತಿ ಉಂಡೆ ತೆಗೆಯುತ್ತಾರೆ. ಆಮೇಲೆ ವಿಭೂತಿ ಕಲಸಿ, ಬೆರಳಿನ ನೀರು ಕೊಡವಿ, ಬಾನೆಟ್ಟಿನ ಮೇಲೆ ಮೂರು ಗೆರೆ ಎಳೆಯುತ್ತಾರೆ.

"ಕಾಯಿ ಮಾತ್ರ ಅತ್ಲಾಗ ಹೋಗಿ ಒಡಿ, ಬಕ್ಕಪ್ಪಾ."