ಆಷಾಢದ ರಿಪೇರಿ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗ. ಹಾಸ್ಟೆಲ್ ಮೆಸ್ಸಿನಲ್ಲಿ ಬಡಿಸುತ್ತ, ಬಿದ್ದ ಸಬ್ಜೆಕ್ಟುಗಳನ್ನು ಮತ್ತೆ ಮತ್ತೆ ಬರೆದು ಸಿವಿಲ್ ಇಂಜಿನಿಯರ್ ಆದೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಕಡೂರಿನ ಕಟ್ಟಡ ಕಂಪನಿಯೊಂದಕ್ಕೆ ಕೆಲಸ ಕೇಳಿಕೊಂಡು ಹೋದಾಗ ಅದರ ಯಜಮಾನರು ನನ್ನ ಸರ್ಟಿಫಿಕೇಟು ಮುಟ್ಟಲಿಲ್ಲ. ಯಾವೂರು ಎಂದು ಕೇಳಿದರು. ಬುಕ್ಕಾಂಬುಧಿಯ ಆಚೆಗಿನ ನಮ್ಮ ಹಳ್ಳಿಯ ಹೆಸರು ಹೇಳಿದೆ.

"ಟ್ಯಾಂಕ್ ಸೋರ್ತೈತೇನೋ?"

"ಇಲ್ಲ ಸಾರ್. ಆದ್ರೂ ಊರೋರು ಸೋರೋ ಟ್ಯಾಂಕು ಅಂತ್ಲೇ ಕರೀತಾರೆ."

"ಕರೀಲಿ ಬಿಡು. ನಾಳೆಯಿಂದ ಬಾ."

ನಮ್ಮೂರಿನ ಆ ನೀರಿನ ಟ್ಯಾಂಕು ಅವರ ಮೊದಲ ದೊಡ್ಡ ಕೆಲಸ. ಅದಕ್ಕೂ ಮುಂಚೆ ಅವರು ತರೀಕೆರೆ ಕಡೆ ಮನೆಗಳಿಗೆ ತಾರಸಿ ಹಾಕುತ್ತಿದ್ದ ಮೇಸ್ತ್ರಿ. ಟ್ಯಾಂಕಿನ ಒಳಗಾರೆ ಮುಗಿಯುವ ಹೊತ್ತಿಗೆ ಜ್ಯೇಷ್ಠ ಮಾಸ ಕಳೆಯುತ್ತ ಬಂದಿತ್ತು. ಗಾರೆ ಇನ್ನೂ ಗಟ್ಟಿಯಾಗಬೇಕು, ತಡೆಯಿರಿ ಎಂದು ಅವರು ಕೇಳಿಕೊಂಡರಂತೆ. ಆಷಾಢ ಹಿಡಿದರೆ ಶುಭಕಾರ್ಯವಿಲ್ಲ, ಶ್ರಾವಣದವರೆಗೂ ಕಾಯುವುದಕ್ಕಾಗುವುದಿಲ್ಲ ಎಂದು ಊರ ಹಿರಿಯರು ಅಮಾವಾಸ್ಯೆಗೆ ಮೊದಲೇ ಮುಹೂರ್ತ ಇಡಿಸಿದರು. ಇವರೂ ಹೂಂ ಎಂದರು. ಗಂಗೆಪೂಜೆ ಆಯಿತು, ನೀರು ತುಂಬಿತು, ಗೋಡೆ ಬೆವರಿತು. ಸಂಜೆಗೆ ಹೆಂಗಸರು ನಲ್ಲಿಯ ಬದಲು ಸೋರುವ ಟ್ಯಾಂಕಿನ ಅಡಿಗೇ ಬಿಂದಿಗೆ ಇಟ್ಟರೆಂದು ನನ್ನ ಅವ್ವ ಈಗಲೂ ನಗುತ್ತಾಳೆ.

ಆಷಾಢದಲ್ಲಿ ಯಾರೂ ಹೊಸ ಕೆಲಸ ಕೊಡುವುದಿಲ್ಲ. ಯಜಮಾನರು ಆಳುಗಳನ್ನು ಕರೆತಂದು ಗಾರೆ ಕೆತ್ತಿಸಿ, ಹೊಸದು ಬಳಿಸಿ, ತಿಂಗಳು ಪೂರ್ತಿ ನೀರುಣಿಸಿ ಊರಿಗೆ ಒಪ್ಪಿಸಿದರು. ಕಂಪನಿಯ ಪದ್ಧತಿ ಹುಟ್ಟಿದ್ದು ಹಾಗೆ. ಆಷಾಢದಲ್ಲಿ ಹೊಸ ಪಾಯ ತೆಗೆಯುವುದಿಲ್ಲ. ಹಿಂದೆ ಕಟ್ಟಿದ್ದನ್ನೆಲ್ಲ ನೋಡಿ ಬರುತ್ತೇವೆ. ಅಜ್ಜಂಪುರದ ಗೋದಾಮಿರಲಿ, ಹಿರೇನಲ್ಲೂರಿನ ಶಾಲೆಯಿರಲಿ, ಬಿರುಕಿದ್ದರೆ ನಾವೇ ಮುಚ್ಚುತ್ತೇವೆ.

ಈಚೆಗೆ ಕಂಪನಿ ಪ್ರೈವೇಟ್ ಲಿಮಿಟೆಡ್ ಆಯಿತು. ಅದರ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಂತು. ಮೊದಲ ಟ್ಯಾಂಕು ಇಂದಿಗೂ ಗಟ್ಟಿಯಾಗಿ ನಿಂತಿದೆ ಎಂದಷ್ಟೇ ಬರೆದು ಒಯ್ದೆ. ಈಗ ಆಡಳಿತ ನೋಡುವ ಯಜಮಾನರ ಮಗ ಅದನ್ನು ಒಪ್ಪಿದರು. ಆಷಾಢದ ಸುತ್ತಾಟ ಮಾತ್ರ ಈ ವರ್ಷದಿಂದ ನಿಲ್ಲಲಿ ಎಂದರು. ಮೆಷಿನ್ನುಗಳು ತಿಂಗಳುಗಟ್ಟಲೆ ಸುಮ್ಮನೆ ನಿಲ್ಲುತ್ತವೆ, ಅದು ಬರೀ ಮೂಢನಂಬಿಕೆ ಎಂಬುದು ಅವರ ವಾದ. ಟ್ಯಾಂಕಿನ ಕತೆಯನ್ನು ತಂದೆ ಅವರಿಗೆ ಹೇಳಿರಲೇ ಇಲ್ಲ. ಈಗ ಅದನ್ನು ಹೇಳದೆ ಆ ಪದ್ಧತಿ ಉಳಿಯುವಂತಿರಲಿಲ್ಲ.

ಅಲ್ಲೇ ಕೂತಿದ್ದ ಯಜಮಾನರು ನನ್ನ ಕಡೆ ತಿರುಗಿದರು.

"ಟ್ಯಾಂಕ್ ಸೋರ್ತು ಅಂತ ಬರಿಯೋ. ಯಾಕ್ ಸೋರ್ತು ಅಂತ್ಲೂ ಬರಿ."

"ಅಪ್ಪಾ, ಇದು ಟೆಂಡರ್ ಕೊಡೋರ ಕೈಗೆ ಹೋಗೋ ಪುಸ್ತಕ."

"ಇವನೂರಿಗೂ ಹೋಗ್ತೈತೆ. ಸೋರಿದ್ದು ಬಿಟ್ರೆ ಅಲ್ಲಿ ಓದ್ದೋರು ನಕ್ಕು ನೆಲಕ್ಕೆಸೀತಾರೆ ಕಣಪ್ಪಾ."

ಬರೆದೆ. ಮಗ ಎರಡು ದಿನ ಇಟ್ಟುಕೊಂಡು, ಏನೂ ಹೊಡೆದುಹಾಕದೆ ವಾಪಸ್ಸು ಕೊಟ್ಟರು. ಆ ಆಷಾಢದಲ್ಲಿ ತರೀಕೆರೆಯ ಒಂದು ಕೆಲಸವನ್ನು ಮಗ ನಿಲ್ಲಿಸಲಿಲ್ಲ. ಆದರೆ ಸುತ್ತಾಟಕ್ಕೆ ನಮ್ಮ ಜೀಪೂ ಹೊರಟಿತು, ಅವರೂ ಹತ್ತಿದರು.

ನಮ್ಮೂರಲ್ಲಿ ಅವರು ಏಣಿ ಹತ್ತಿ ಟ್ಯಾಂಕಿನ ಗೋಡೆಗೆ ಅಂಗೈ ಒತ್ತಿ ನೋಡಿದರು. ಕೆಳಗೆ ನೀರು ಹಿಡಿಯುತ್ತಿದ್ದ ಅವ್ವ, ಅದ್ಯಾರು ಎಂದು ನನ್ನನ್ನು ಕೇಳಿದಳು. ಯಜಮಾನರ ಮಗ ಎಂದೆ.

"ಓ, ಅಪ್ಪಂದಾಯ್ತು, ಇವನ್ದೂ ಶುರುವಾಯ್ತಾ," ಎಂದು ತುಂಬಿದ ಬಿಂದಿಗೆ ಎತ್ತಿಕೊಂಡಳು.