ಗಾಡಿಗೆಂದು ಬಿಟ್ಟುಬಂದ ಕೊನೆ

ಖಾನಾಪುರದವರು ಬೆಳಗಾವಿಗೆ ಹೋಗಿ ನೋಡಿದ ಯಾವ ಸಿನಿಮಾಕ್ಕೂ ಕೊನೆ ಇರುತ್ತಿರಲಿಲ್ಲ. ಸಂಜೆಯ ರೈಲುಗಾಡಿ ಹಿಡಿಯಬೇಕೆಂದು ಕಡೆಯ ದೃಶ್ಯಕ್ಕೆ ಮುಂಚೆಯೇ ಎದ್ದು ಬರುವುದು ನಮ್ಮೂರ ಪದ್ಧತಿ. ಉಳಿದ ಕಥೆಯನ್ನು ದೇಸೂರು ದಾಟುವುದರೊಳಗೆ ಡಬ್ಬಿಯಲ್ಲಿ ಕುಳಿತವರೇ ಕೂಡಿ ಮುಗಿಸುತ್ತಿದ್ದರು.

ಅಪ್ಪನ ತಾಯಿ, ನಮ್ಮ ಆಯಿ, ಹೊಸ ಮದುವೆಯಲ್ಲಿ ಒಂದು ಮರಾಠಿ ಬೋಲಪಟವನ್ನು ಹೀಗೆಯೇ ನೋಡಿ ಬಂದಿದ್ದಳು. ಸಿನಿಮಾ ಆಗಷ್ಟೇ ಮಾತಾಡಲು ಕಲಿತಿದ್ದ ಕಾಲ. ಹೆಸರಾದ ಕಾದಂಬರಿಯೊಂದರಿಂದ ತೆಗೆದ ಚಿತ್ರ ಅದು: ಗಂಡನ ಮನೆ ಬಿಟ್ಟ ಹೆಣ್ಣುಮಗಳೊಬ್ಬಳು ತಿರುಗಿ ಅದೇ ಹೊಸ್ತಿಲಿಗೆ ಬಂದು ನಿಲ್ಲುತ್ತಾಳೆ.

ನಾನು ಕಾಲೇಜಿನಲ್ಲಿದ್ದಾಗ ಅಕ್ಕ ಗಂಡನ ಹೊಡೆತ ತಾಳದೆ ತವರಿಗೆ ಬಂದಳು. ಯುಗಾದಿ ಮುಗಿದ ಮೇಲೆ ಕಳಿಸುವುದೆಂದು ಆಯಿ ತೀರ್ಪು ಕೊಟ್ಟಳು. ಅವಳ ಮಾತು ದಾಟುವವರು ಮನೆಯಲ್ಲಿರಲಿಲ್ಲ. ಅವಳ ಸಾಕ್ಷಿ ಆ ಬೋಲಪಟ.

“ಆಕಿ ತಿರಿಗಿ ಬಂದ್ಲ. ಅತ್ತಿ ಆರತಿ ಮಾಡಿ ಒಳಗ ಕರಕೊಂಡ್ಲ.”

“ಆರತಿ ನೀ ಕಣ್ಣಿಲೆ ನೋಡೀಯೇನ?” ಎಂದೆ ನಾನು.

“ಗಾಡಿ ಹೊತ್ತಾಗಿತ್ತವಾ, ನಿಮ್ಮಜ್ಜ ಎಬ್ಬಿಸಿದ.”

“ನೋಡಲಾರದ್ದಕ್ಕ ಸಾಕ್ಷಿ ಹೆಂಗ ಹೇಳ್ತಿ ಮತ್ತ?”

“ಬಂದ್ಲ ನೋಡ ನಮ್ಮ ವಕೀಲವ್ವ! ಹೊಸ್ತಿಲಕ್ಕ ಬಂದಾಕಿನ್ನ ಆರತಿ ಇಲ್ಲದ ಯಾರರ ಒಳಗ ಕರೀತಾರೇನ?”

ನಾನು ಕಾದಂಬರಿ ಓದಿದ್ದೆ. ಅದರಲ್ಲಿ ಅವಳು ಹೊಸ್ತಿಲಿನಿಂದಲೇ ಹಿಂದಿರುಗುತ್ತಾಳೆ. ಆದರೆ ಸಿನಿಮಾದವರು ಕಾದಂಬರಿಯ ಕೊನೆ ಕೆಡಿಸಿಯೇ ತೀರುತ್ತಾರೆಂದು ಚರ್ಚಾಸ್ಪರ್ಧೆಯಲ್ಲಿ ವಾದಿಸಿ ಗೆದ್ದವಳೂ ನಾನೇ. ಈಗ ನನ್ನ ವಾದ ಸುಳ್ಳಾಗಬೇಕಿತ್ತು.

ಬೆಳಗಾವಿಯ ಚಿತ್ರಾಸಕ್ತರ ಗುಂಪೊಂದು ಹಳೆಯ ಪ್ರತಿ ತರಿಸಿ ಅದೇ ಚಿತ್ರವನ್ನು ಮಧ್ಯಾಹ್ನ ತೋರಿಸುತ್ತಿದೆಯೆಂದು ತಿಳಿದದ್ದೇ ತಡ, ಆಯಿಯನ್ನೂ ಅಕ್ಕನನ್ನೂ ಹಟ ಹಿಡಿದು ಹೊರಡಿಸಿದೆ.

ಪರದೆಯ ಮೇಲೆ ಹೊಸ್ತಿಲು ಬಂತು. ಆಯಿ ಸೆರಗು ಸರಿಮಾಡಿಕೊಂಡು ಎದ್ದಳು. “ನಡೀರಿ, ಗಾಡಿ ತಪ್ಪತೈತಿ.”

“ತಪ್ಪಲಿ. ಕುಂದರು. ಇವತ್ತ ಕಡೀತನಕ ನೋಡೇ ಹೋಗೂದು.” ಕೈ ಹಿಡಿದು ಕೂರಿಸಿದೆ.

ಪರದೆಯ ಮೇಲಿನ ಹೆಣ್ಣುಮಗಳು ಒಳಗೆ ಹೋದಳು. ಕಾದಂಬರಿಯವಳು ದಾಟದ ಹೊಸ್ತಿಲನ್ನು ದಾಟಿಯೇಬಿಟ್ಟಳು. ನನ್ನ ವಾದ ಗೆದ್ದಿತ್ತು. ಆದರೆ ಆರತಿ ಬರಲಿಲ್ಲ, ಅತ್ತೆಯೂ ಬರಲಿಲ್ಲ. ಬಾಗಿಲು ಮುಚ್ಚಿತು. ಒಳಗಿನಿಂದ ಯಾರೋ ಅಗಳಿ ಜಡಿದರು. ಹಾಡು, ಮಾತು ಎಲ್ಲ ಸವೆದು ಕರಕರ ಎನ್ನುತ್ತಿದ್ದ ಆ ಪ್ರತಿಯಲ್ಲಿ ಅದೊಂದು ಸದ್ದು ಮಾತ್ರ ನಮ್ಮ ಬೆನ್ನ ಹಿಂದೆಯೇ ಆದಷ್ಟು ನಿಚ್ಚಳವಾಗಿತ್ತು.

ದೀಪ ಹಾಕಿದರು. ಆಯಿ ಬಿಳಿಯ ಪರದೆಯನ್ನೇ ನೋಡುತ್ತಿದ್ದಳು. “ಆರತಿ ಮಾಡ್ಲೇ ಇಲ್ಲಲಾ…”

ನಾನು ಬಾಯಿ ತೆರೆದೆ. ಅಕ್ಕ ಮುಂಚೆಯೇ ಮಾತಾಡಿದಳು, ತವರಿಗೆ ಬಂದಾಗಿನಿಂದ ಮೊದಲ ಸಲ ದನಿ ಎತ್ತಿ: “ಆಕಿ ಹೋದ್ಲು, ಆಯಿ. ನಾ ಹೋಗೂದಿಲ್ಲ.”

ಗಾಡಿ ಹೋಗಿತ್ತು. ಬಸ್ಸು ಹಿಡಿದು ಪೀರನವಾಡಿ ದಾಟಿ ಮನೆ ಮುಟ್ಟಿದೆವು. ಅಪ್ಪ ಬಾಗಿಲಲ್ಲೇ ನಿಂತಿದ್ದ.

“ಗಾಡಿ ಯಾಕ ತಪ್ಪಿಸಿಕೊಂಡಿ, ಅವ್ವಾ?”

“ಬೇಕಂತ ಬಿಟ್ಟೆ,” ಎಂದಳು ಆಯಿ, ಚಪ್ಪಲಿ ಕಳಚುತ್ತ. “ಯುಗಾದಿಗೆ ಬೀಗರು ಬಂದ್ರ ನನ್ನ ಮುಂದ ತಂದ ಕುಂದರಸು. ಹುಡುಗಿ ಇಲ್ಲೇ ಇರ್ತಾಳ.”