ಮೂರು ಕೆಜಿ ಇನ್ನೂರು ಗ್ರಾಂ ಬೆಕ್ಕು

ನಮ್ಮ ಮನೆಯವರಿಗೆ ತೂಕದ ಕಾಟಾದ ಮೇಲಿದ್ದಷ್ಟು ಭಕ್ತಿ ದೇವರ ಮೇಲೂ ಇರಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟವರಿಗೆ ಅದು ಸಹಜ ಬಿಡಿ. ತೂಕ ಮಾಡಿದರೆ ಜಗತ್ತಿನ ಯಾವ ಸಮಸ್ಯೆಯೂ ಬಗೆಹರಿಯುತ್ತದೆ ಎಂದು ನಂಬಿದ್ದರು. ನಂಬಿದ್ದು ಅವರು, ಬೆಕ್ಕಿಗೆ ಔಷಧ ಹಾಕಿದವಳು ನಾನು.

ಎರಡು ಸಾವಿರದ ಐದೋ ಆರೋ ಇರಬೇಕು. ಮನೆಯಲ್ಲಿ ಒಂದು ನಾಯಿ, ಒಂದು ಬೆಕ್ಕು. ನಾಯಿ ಮನೆಯವರದು, ಬೆಕ್ಕು ಅತ್ತೆಯದು. ಮಾವ ತೀರಿಕೊಂಡ ಮೇಲೆ ಅತ್ತೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆ ಬೆಕ್ಕಿನ ಜೊತೆ ಮಾತ್ರ. ವಿಷಯ ಬಹುತೇಕ ನಾನೇ.

ನಾಯಿಗೆ ಉಣ್ಣಿ ಹತ್ತಿದ್ದವು. ರಾಣೆಬೆನ್ನೂರಿನ ಪಶುವೈದ್ಯರು ಎರಡು ಸಣ್ಣ ಟ್ಯೂಬು ಕೊಟ್ಟು, ತಿಂಗಳಿಗೊಂದರಂತೆ ಹೆಗಲ ನಡುವೆ ಕೂದಲು ಸರಿಸಿ ಚರ್ಮಕ್ಕೆ ಬಿಡಲು ಹೇಳಿದ್ದರು. ಒಂದು ಮುಗಿದು, ಇನ್ನೊಂದು ಉಳಿದಿತ್ತು. ಅಷ್ಟರಲ್ಲಿ ಬೆಕ್ಕಿಗೆ ಚಿಗಟದ ಕಾಟ ಶುರುವಾಯಿತು.

"ನಾಯಿಗಷ್ಟ ಔಷಧ ತರತೀರಿ. ನನ್ನ ಬೆಕ್ಕೇನು ಪಾಪ ಮಾಡೇತಿ?" ಎಂದರು ಅತ್ತೆ.

ಮನೆಯವರು ಔಷಧದ ಡಬ್ಬಿ ತಿರುಗಿಸಿ ನೋಡಿದರು. "ಇಲ್ನೋಡವಾ, ಬೆಕ್ಕಿನ ಚಿತ್ರಾನೂ ಐತಿ. ನಡೀತೈತಿ."

"ಅದರ ಮ್ಯಾಲೆ ಗೆರಿ ಎಳದಾರಲ್ರೀ?" ಎಂದೆ.

"ಛಾಪಾ ಸರಿ ಬಂದಿಲ್ಲ ತಗೋ."

ಲೆಕ್ಕವೂ ಅವರದೇ. ನಾಯಿ ಹದಿನಾರು ಕೆಜಿ, ಅದಕ್ಕೆ ಪೂರ್ತಿ ಟ್ಯೂಬು. ಬೆಕ್ಕಿಗೆ ಅದರ ತೂಕದಷ್ಟು ಪಾಲು. ಬೆಕ್ಕನ್ನು ಮೆಣಸಿನಕಾಯಿ ಚೀಲದಲ್ಲಿ ಹಾಕಿ ಕಾಟಾದ ಮೇಲಿಟ್ಟರು. ವ್ಯಾಪಾರದ ಪದ್ಧತಿಯಂತೆ ಚೀಲದ ತೂಕ ಕಳೆದರು. ಬೆಕ್ಕು ನಿವ್ವಳ ಮೂರು ಕೆಜಿ ಇನ್ನೂರು ಗ್ರಾಂ. ಅಂದರೆ ಐದರಲ್ಲೊಂದು ಪಾಲು. ಅಷ್ಟನ್ನು ನಾನೇ ಬೆಕ್ಕಿನ ಹೆಗಲ ನಡುವೆ ಬಿಟ್ಟೆ. ಅಷ್ಟು ನಾಜೂಕಾಗಿ ಯಾರೂ ಬೆಕ್ಕಿಗೆ ವಿಷ ಹಾಕಿರಲಿಕ್ಕಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಬೆಕ್ಕಿನ ಕಿವಿ ಅದುರತೊಡಗಿತು. ಆಮೇಲೆ ಕಾಲು. ಆಮೇಲೆ ಇಡೀ ಮೈ ನಡುಗಿ ಬಾಯಿಂದ ಜೊಲ್ಲು ಸುರಿಯತೊಡಗಿತು. ಅತ್ತೆ ತಟ್ಟೆ ಬಿಟ್ಟು ಎದ್ದರು.

ಮೊದಲ ಚಿಕಿತ್ಸೆ, ದೃಷ್ಟಿ ತೆಗೆಯುವುದು. ನಿವಾಳಿಸಿದ ಮೆಣಸಿನಕಾಯಿ ಬೆಂಕಿಗೆ ಹಾಕಿದಾಗ ಘಾಟು ಬರದಿದ್ದರೆ ದೃಷ್ಟಿ ತಗುಲಿದೆ ಎಂದರ್ಥ. ನಮ್ಮೂರ ಮೆಣಸಿನಕಾಯಿಗೋ ಬಣ್ಣ ಹೆಚ್ಚು, ಖಾರ ಕಡಿಮೆ. ಹಾಗಾಗಿ ನಮ್ಮ ಮನೆಯಲ್ಲಿ ದೃಷ್ಟಿ ತಗುಲದವರೇ ಇಲ್ಲ.

"ನೋಡಿದ್ಯಾ, ಒಂದ್ ಸೀನೂ ಬರಲಿಲ್ಲ!" ಎಂದು ಅತ್ತೆ ಅಳುತ್ತಲೇ ಗೆದ್ದರು.

ನಾನು ವೈದ್ಯರಿಗೆ ಫೋನು ಮಾಡಿದೆ. "ನಾಯೀದು ಬೆಕ್ಕಿಗೆ ಹಾಕೀರಿ?" ಎಂದು ಅವರು ದನಿ ಏರಿಸಿದರು. "ಉಗುರುಬೆಚ್ಚನ ನೀರಾಗ, ಪಾತ್ರಿ ತೊಳಿಯೋ ಸೋಪ್ ಹಚ್ಚಿ ಔಷಧ ಪೂರಾ ಹೋಗೂಹಂಗ ತೊಳೀರಿ. ಬಿಸಿನೀರು ಬ್ಯಾಡ. ಒರಿಸಿ, ಬೆಚ್ಚಗ ಸುತ್ತಿ ಲಗೂ ಕರಕೊಂಡ ಬರ್ರಿ. ಡಬ್ಬೀನೂ ತರ್ರಿ."

ಹಾಗೇ ತೊಳೆದು ಒರೆಸುವಷ್ಟರಲ್ಲಿ ಪರಿಚಯದವರ ಕಾರು ಸಿಕ್ಕಿತು. ರಾಣೆಬೆನ್ನೂರಿನವರೆಗೆ ಅತ್ತೆ ಬೆಕ್ಕನ್ನು ಟವೆಲ್ಲಿನಲ್ಲಿ ಎದೆಗೆ ಅವಚಿಕೊಂಡು ಕೂತಿದ್ದರು. ನನ್ನನ್ನು ಬೈಯಲಿಲ್ಲ. ಹದಿನೈದು ವರ್ಷದಲ್ಲಿ ಮೊದಲ ಸಲ ಅವರು ಬೈಯದಿದ್ದುದಕ್ಕೆ ಹೆದರಿದೆ.

ಮನೆಯವರು ವೈದ್ಯರಿಗೆ ಲೆಕ್ಕ ಒಪ್ಪಿಸಿದರು. "ತೂಕಾ ಮಾಡೇ ಹಾಕೇವ್ರಿ ಡಾಕ್ಟರ್ರ. ಚೀಲದ್ದೂ ಕಳದೇವಿ."

"ಸಾವ್ಕಾರ್ರ, ಬೆಕ್ಕು ಅಂದ್ರ ಸಣ್ಣ ನಾಯಿ ಅಲ್ರೀ! ನಾಯಿಗೆ ಅರಗಿದ್ದು ಇದಕ್ಕ ಅರಗೂದಿಲ್ಲ. ಈ ಗೆರಿ ಯಾಕ ಎಳದಾರ? ಬೆಕ್ಕಿಗೆ ಹಾಕಬ್ಯಾಡ್ರಿ ಅಂತ. ನಾಯಿಗೆ ಹಾಕಿದ ಮ್ಯಾಲೂ ಪೂರಾ ಒಣಗೂತನಾ ಬೆಕ್ಕಿನ್ನ ಹತ್ರ ಬಿಡಬ್ಯಾಡ್ರಿ, ನೆಕ್ಕಿದ್ರ ಇದ ಹಣೇಬರ."

ಮನೆಯವರು ಡಬ್ಬಿ ಎತ್ತಿಕೊಂಡು ಬೆಕ್ಕಿನ ಚಿತ್ರದ ಮೇಲಿನ ಗೆರೆಯನ್ನು ಉಗುರಿನಿಂದ ಕೆರೆದು ನೋಡಿದರು.

ಇಂಜೆಕ್ಷನ್, ಸಲೈನ್ ಎಲ್ಲ ಆಗಿ ಬೆಕ್ಕು ಎರಡು ದಿನ ಅಲ್ಲೇ ಇತ್ತು. ಆ ಎರಡು ದಿನ ಅತ್ತೆ ಯಾರ ಜೊತೆಗೂ ಮಾತಾಡಲಿಲ್ಲ. ಮಾತಾಡಲು ಇದ್ದದ್ದೇ ಅದೊಂದು. ಮೂರನೇ ದಿನ ಬೆಕ್ಕು ಬಂತು, ಹಾಲು ಕುಡಿಯಿತು, ಅವರ ತೊಡೆ ಏರಿತು. ಬಾಗಿಲ ಹೊರಗೆ ನಿಂತಿದ್ದ ನನಗೆ ಸರಿಯಾಗಿ ಕೇಳಿಸುವಷ್ಟು ಮೆಲ್ಲಗೆ ಅತ್ತೆ ಅದಕ್ಕೆ ಬುದ್ಧಿ ಹೇಳಿದರು:

"ಇನ್ಮ್ಯಾಲೆ ಆಕೀ ಮುಂದ ಮೈ ತುರಿಸ್ಕೋಬ್ಯಾಡವಾ."